ಎಂಟುನೂರ ನಲವತ್ತೊಂದು ಚೌಕ

ಟೈಲ್ಸ್ ಮೇಸ್ತ್ರಿಯ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ತೊಳೆಯೋದು ಸುಲಭ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದ. ನಗುವುದಕ್ಕೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡುತ್ತಿದ್ದ. ಅದೂ ಗುಂಡಿ ಒತ್ತುವ ಹಳೇ ಫೋನು.

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನೆಲ ಹಾಸುವ ಕೆಲಸ ಮುಗಿಯುತ್ತಿದ್ದಾಗ ಇಂಜಿನಿಯರ್ ಹುಡುಗಿ ಒಂದು ದೊಡ್ಡ ಹಾಳೆ ತಂದು ಬಿಡಿಸಿದಳು. ಅದರ ತುಂಬ ಕಪ್ಪು ಬಿಳುಪು ಚೌಕಗಳು. ಅಡ್ಡ ಇಪ್ಪತ್ತೊಂಬತ್ತು, ಉದ್ದ ಇಪ್ಪತ್ತೊಂಬತ್ತು.

"ಮೇಸ್ತ್ರಿ, ಬಾಗಿಲ ಎದುರಿನ ಗೋಡೆಗೆ ಇದನ್ನ ಟೈಲ್ಸಲ್ಲೇ ಕೂರಿಸ್ಬೇಕು. ಕ್ಯೂಆರ್ ಕೋಡು. ಫೋನ್ ಹಿಡಿದ್ರೆ ಯಾವ ಡಾಕ್ಟರು ಯಾವ ಕೋಣೇಲಿದಾರೆ ಅಂತ ತೋರಿಸತ್ತೆ."

"ಕಣ್ಣಿಗೆ ಇರುವೆ ಮುತ್ತಿದ ಹಾಗೆ ಕಾಣತ್ತಲ್ಲಮ್ಮ. ಫೋನಿಗೆ ಇದು ಹೇಗೆ ಗೊತ್ತಾಗತ್ತೆ?"

ಹುಡುಗಿ ಅವನನ್ನು ಹಾಳೆಯ ಮುಂದೆ ಕೂರಿಸಿಕೊಂಡು ವಿವರಿಸಿದಳು. ಇಷ್ಟು ಹೊತ್ತು ಅವನನ್ನು ಯಾರೂ ಹೀಗೆ ಮಾತಾಡಿಸಿರಲಿಲ್ಲ. ಮೂರು ಮೂಲೆಯ ದೊಡ್ಡ ಚೌಕ ನೋಡಿ ಫೋನು ಮೇಲು ಕೆಳಗು ತಿಳಿದುಕೊಳ್ಳುತ್ತದಂತೆ. ನಾಲ್ಕನೆಯ ಮೂಲೆಯ ಹತ್ತಿರದ ಪುಟ್ಟ ಚೌಕದಿಂದ, ಓರೆಯಾಗಿ ಹಿಡಿದರೂ ಸರಿಮಾಡಿಕೊಳ್ಳುತ್ತದಂತೆ. ಉಳಿದ ಚೌಕಗಳಲ್ಲಿ ಇರುವುದು ಆಸ್ಪತ್ರೆಯ ವೆಬ್ ಪುಟದ ವಿಳಾಸ. ಡಾಕ್ಟರು ಕೋಣೆ ಬದಲಿಸಿದರೆ ಪುಟದಲ್ಲಿ ತಿದ್ದಿದರಾಯಿತು, ಗೋಡೆ ಒಡೆಯಬೇಕಿಲ್ಲ. ಬೆಳಕು ಹೊಳೆದು ಕ್ಯಾಮೆರಾ ತಬ್ಬಿಬ್ಬಾಗದಿರಲೆಂದು ಹೊಳಪಿಲ್ಲದ ಟೈಲ್ಸನ್ನೇ ತರಿಸಿದ್ದಳು.

ಕೂರಿಸಲು ಆರು ದಿನ ಹಿಡಿಯಿತು. ಸುತ್ತ ಒಂದು ಹೂಬಳ್ಳಿಯ ಅಂಚು ಹಚ್ಚು ಎಂದ ಕಂಟ್ರಾಕ್ಟರು. ಹಚ್ಚಿದ. ಶುಕ್ರವಾರ ಹುಡುಗಿ ಎಷ್ಟು ಸಲ ಫೋನ್ ಹಿಡಿದರೂ ಏನೂ ತೆರೆಯಲಿಲ್ಲ. ಎಲ್ಲಿ ತಪ್ಪಿದೆನಮ್ಮ ಎಂದು ಕೇಳಿದ ಮೇಸ್ತ್ರಿ.

"ನಿಮ್ಮ ತಪ್ಪಲ್ಲ," ಎಂದಳು. "ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಜಾಗ ಬೇಕು. ಇಲ್ದಿದ್ರೆ ಕೋಡು ಎಲ್ಲಿ ಶುರು ಅಂತ ಫೋನಿಗೆ ತಿಳಿಯಲ್ಲ."

ಬಳ್ಳಿ ಕಿತ್ತು ಬಿಳಿ ಹಚ್ಚಿದ. ಶನಿವಾರ ಹಿಡಿದ ತಕ್ಷಣ ತೆರೆಯಿತು. ಫೋನಿಲ್ಲದವರಿಗಾಗಿ ಪಕ್ಕದಲ್ಲಿ ಕೋಣೆಗಳ ಪಟ್ಟಿಯನ್ನೂ ತೂಗುಹಾಕಿಸಿ ಹುಡುಗಿ ಹೊರಟುಹೋದಳು.

ಸಂಜೆ ಸಾಮಾನು ಕಟ್ಟುವ ಮೊದಲು ಮೇಸ್ತ್ರಿ ಹಾಳೆ ಹಿಡಿದು ಎಣಿಸಿದ. ಹದಿನೇಳನೇ ಸಾಲಿನಲ್ಲಿ ಕಪ್ಪು ಇರಬೇಕಾದ ಕಡೆ ಬಿಳಿ ಕೂತಿತ್ತು. ಹುಡುಗಿಗೆ ಫೋನ್ ಮಾಡಿದ.

"ಅಯ್ಯೋ ಬಿಡಿ ಮೇಸ್ತ್ರಿ. ಸುಮಾರು ಕಾಲುಭಾಗ ಹಾಳಾದ್ರೂ ಓದತ್ತೆ, ಆ ಮೂರು ಮೂಲೆ ಸರಿಯಿದ್ರೆ ಸಾಕು. ಅದಕ್ಕೆ ಅಂತಾನೇ ಕೋಡಲ್ಲಿ ಹೆಚ್ಚಿಗೆ ಚೌಕ ಸೇರಿಸಿರ್ತಾರೆ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಲ್ಲಮ್ಮ," ಎಂದ. ಅಷ್ಟರಲ್ಲಿ ಆ ಕಡೆಯಿಂದ ಫೋನ್ ಇಟ್ಟಾಗಿತ್ತು.

ಭಾನುವಾರ ಬೆಳಿಗ್ಗೆ ಒಬ್ಬನೇ ಬಂದ. ಅಕ್ಕಪಕ್ಕದ ಟೈಲ್ಸಿಗೆ ಪೆಟ್ಟಾಗದಂತೆ, ಹಲ್ಲು ಕೀಳುವವರ ಹಾಗೆ, ಆ ಬಿಳಿಯನ್ನು ಉಳಿಯಿಂದ ಕಿತ್ತು ಕಪ್ಪು ಕೂರಿಸಿದ. ಈಗ ಓದುತ್ತದೋ ಇಲ್ಲವೋ? ತನ್ನ ಫೋನಿಗೆ ಕಣ್ಣೇ ಇಲ್ಲ. ನೋಡಿ ಹೇಳುವವರು ಬರಲಿ ಎಂದು ಖಾಲಿ ಕಟ್ಟಡದಲ್ಲಿ ಗೋಡೆಗೆ ಎದುರಾಗಿ ನೆಲದ ಮೇಲೆ ಕೂತ. ತಂದಿದ್ದ ಬುತ್ತಿ ಉಂಡ. ಕೆಮ್ಮಿದರೆ ಮೂರು ಮಹಡಿಯೂ ಕೆಮ್ಮುತ್ತಿತ್ತು.

ಮಧ್ಯಾಹ್ನದ ಮೇಲೆ ಹಳೇ ಕಟ್ಟಡದ ನರ್ಸೊಬ್ಬಳು ಆ ದಾರಿಯಾಗಿ ಬಂದಳು.

"ಅಮ್ಮಾ, ಒಂದ್ನಿಮಿಷ. ಇದಕ್ಕೆ ಫೋನ್ ಹಿಡೀತೀರಾ?"

ಅವಳು ಹಿಡಿದಳು. ತೆರೆಯುವ ಮೊದಲು ವಿಳಾಸ ಆಸ್ಪತ್ರೆಯದೇನಾ ಎಂದು ಓದಿಕೊಂಡಳು. "ಹ್ಞಾಂ, ಬಂತು," ಎಂದವಳೇ ಹೊರಟುಬಿಟ್ಟಳು. ಆ ಹದಿನೇಳನೇ ಸಾಲಿನ ಕಥೆ ಅವನ ನಾಲಿಗೆಯ ತುದಿಯಲ್ಲೇ ಉಳಿಯಿತು.

ಬಸ್ ನಿಲ್ದಾಣದಲ್ಲಿ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ: ಬಳ್ಳಿ, ಖಾಲಿ ಜಾಗ, ತಪ್ಪು ಬಿಳಿ. ಅಕ್ಕನಿಗೆ ಅರ್ಧ ತಿಳಿಯಿತೋ ಇಲ್ಲವೋ.

"ಹಾಗಾದ್ರೆ ಯಾರೂ ಕೇಳದೇ ಇದ್ರೂ ಸರಿ ಮಾಡಿದ್ಯೇನೋ?"

"ಹ್ಞೂಂ ಅಕ್ಕ."

"ನಿಮ್ಮ ಭಾವನಿಗೂ ಹೇಳ್ತೀನಿ ಇರು, ಇನ್ನೊಂದ್ಸಲ ಹೇಳು. ಎಷ್ಟನೇ ಸಾಲು ಅಂದೆ?"

ಬಸ್ಸು ಬಂತು. ಅವನು ಹತ್ತಲಿಲ್ಲ.

"ಹದಿನೇಳನೇದು," ಎಂದು ಮೊದಲಿನಿಂದ ಶುರುಮಾಡಿದ.