ಮಹಡಿ ಮನೆಯಾಕೆಗೆ ಬಂದ ನೋಟಿಸು

ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಆಗ ಚಿಲಿ ದೇಶದ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಯೋಗ ಕಲಿಯಲು ಬಂದಾಕೆ, ವಯಸ್ಸು ಐವತ್ತರ ಆಸುಪಾಸು. ನನ್ನ ಅಮ್ಮನಿಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಬಹಳ ಹೊತ್ತು ಮಾತಾಡುತ್ತಿದ್ದರು. ಏನು ವಿಷಯ ಎಂದು ಕೇಳಿದರೆ ಅಮ್ಮ, "ಅವಳ ತಾಯಿ ತೀರಿಹೋದ್ರಂತೆ ಕಣೆ, ಪಾಪ," ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಹಿನಕಲ್‌ನ ಬಾಡಿಗೆ ಮನೆ ಬಿಟ್ಟು ನಮ್ಮ ಮನೆಗೆ ಬಂದಾಗ ಆಕೆ ಹೊಸ ವಿಳಾಸವನ್ನು ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಿರಲಿಲ್ಲ. ಅದಕ್ಕೆ ವಿಚಾರಣೆಗೆ ಕರೆದಿದ್ದರು. ವಿಚಾರಣೆಯ ದಿನ ಆಕೆ ಹೊರಡುವ ಹೊತ್ತಿಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಹಾಸನಕ್ಕೆ ಹೋಗಿದ್ದೆ. ಅಮ್ಮನನ್ನು ಆಟೋದಲ್ಲಿ ಒರಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದವಳು ಆಕೆಯೇ. ಸಂಜೆ ನಾನು ಓಡಿಬಂದಾಗ, ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಅಮ್ಮನ ತಲೆ ಸವರುತ್ತಾ ಕೂತಿದ್ದಳು. ವಿಚಾರಣೆಯ ಮಾತನ್ನೇ ಎತ್ತಲಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಆಕೆ ತನ್ನ ಕುಕ್ಕರನ್ನೂ ತುಳಸಿ ಕುಂಡವನ್ನೂ ತಂದು ನಮ್ಮ ಹಾಲಿನಲ್ಲಿಟ್ಟಳು. ವಿಚಾರಣೆಗೆ ಬಾರದ್ದರಿಂದ ದೇಶ ಬಿಟ್ಟು ಹೋಗಬೇಕೆಂದು ನೋಟಿಸು ಬಂದಿತ್ತು.

"ನಮಗೆ ಹೇಳಬಾರದಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ತನ್ನಿಂದ ಹೀಗಾಯಿತು ಅಂತ ಅಮ್ಮ ಕೊರಗುತ್ತಾರೆ," ಎಂದು ಪಿಸುಗುಟ್ಟಿದಳು.

ಅಮ್ಮನಿಗೆ 'ನೋಟಿಸು' ಎಂಬ ಪದವೊಂದೇ ಸಾಕಾಯಿತು; ಉಳಿದದ್ದನ್ನು ನನ್ನ ಬಾಯಿಂದ ಹೊರಡಿಸಿದಳು. "ನನ್ನ ಎತ್ಕೊಂಡು ಓಡಿದೋಳ್ನ ಓಡಿಸ್ತಾರಾ? ನಡಿ, ನಾನೇ ಬಂದು ಹೇಳ್ತೀನಿ."

ಲಷ್ಕರ್ ಮೊಹಲ್ಲಾದಲ್ಲಿ ನಮಗೆ ಪರಿಚಯದ ವಕೀಲರಿದ್ದರು. "ಸುಮ್ನೆ ಹೊರಟುಬುಟ್ರೆ ಮುಂದೆ ವೀಸಾ ಸಿಗೋದು ಕಷ್ಟ ಕಣಮ್ಮ," ಎಂದರು. "ಗಡುವು ಮುಗಿಯೋದ್ರೊಳಗೆ ಆಸ್ಪತ್ರೆ ಕಾಗದ ಇಟ್ಟು, ಇನ್ನೊಂದ್ಸಲ ವಿಚಾರಣೆ ಮಾಡಿ ಅಂತ ಅರ್ಜಿ ಕೊಡಿ." ಅರ್ಜಿಯನ್ನು ಅವರೇ ಬರೆದುಕೊಟ್ಟರು.

ನೋಂದಣಿ ಕಚೇರಿಗೆ ಗಾಲಿಕುರ್ಚಿಯಲ್ಲಿ ಬಂದ ಅಮ್ಮನನ್ನು ಕಂಡು ಅಧಿಕಾರಿ ಎದ್ದು ನಿಂತರು. "ಅಯ್ಯೋ, ನೀವ್ಯಾಕಮ್ಮ ಬರೋಕೋದ್ರಿ?"

"ನಾನೇ ಅಲ್ವೇನಪ್ಪ ಕಾರಣ? ಅವತ್ತು ಇವಳು ನಿಮ್ಮತ್ರ ಬಂದಿದ್ರೆ ನಾನು ಬಚ್ಚಲಲ್ಲೇ ಬಿದ್ದಿರ್ತಿದ್ದೆ."

ಅವರು ಆಕೆಯ ಕಡೆ ತಿರುಗಿ, ಒಂದು ಫೋನಾದರೂ ಯಾಕೆ ಮಾಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಮ್ಮ ಅಳುತ್ತಿದ್ದರು. ನನಗೆ ಬೇರೇನೂ ನೆನಪಿರಲಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಅರ್ಜಿಯನ್ನು ಮತ್ತೊಮ್ಮೆ ಓದಿದರು. "ಕಾರಣ ಸರಿಯಾಗಿದೆ. ಆದ್ರೆ ತೀರ್ಮಾನ ನನ್ನೊಬ್ಬನದಲ್ಲ. ಮೇಲಕ್ಕೆ ಬರೆದು ಕಳಿಸ್ತೀನಿ."

ಮುಂದಿನ ದಿನಗಳು ಕಷ್ಟದವು. ಗೇಟಿನ ಸದ್ದಾದರೆ ಮೂವರೂ ಬೆಚ್ಚುತ್ತಿದ್ದೆವು. ಕೊನೆಗೆ ಆದೇಶ ಹಿಂತೆಗೆದುಕೊಂಡು ಮತ್ತೆ ವಿಚಾರಣೆಗೆ ಕರೆದರು. ವಿಳಾಸ ತಿಳಿಸದ್ದಕ್ಕೆ ದಂಡ ಹಾಕಿ, ವೀಸಾ ಮುಗಿಯುವವರೆಗೆ ಇರಲು ಬಿಟ್ಟರು. ಸುದ್ದಿ ಕೇಳಿದ ಆಕೆ ಅಮ್ಮನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಅಮ್ಮ, "ಏಳು, ಊಟ ಮಾಡು," ಎಂದಷ್ಟೇ ಹೇಳುತ್ತಿದ್ದಳು.

ಆ ಬೇಸಿಗೆಯೆಲ್ಲ ಆಕೆ ಅಮ್ಮನ ಕೈ ಹಿಡಿದು ನಡೆಸಿದಳು. ವೀಸಾ ಮುಗಿದು ಆಕೆ ಊರಿಗೆ ಹೊರಟ ದಿನ, ಅಮ್ಮ ಯಾರ ಆಸರೆಯೂ ಇಲ್ಲದೆ ಗೇಟಿನವರೆಗೆ ನಡೆದು ಹೋಗಿ ಬೀಳ್ಕೊಟ್ಟಳು.