ಗಿಡ್ಡ ಕೂಲರ್‌ಗೆ ಚಳಿಯಾದದ್ದು

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ನನ್ನ ಪರೀಕ್ಷೆ ಶುರುವಾದ ಹೊತ್ತು ಇದು. ನಿಮಿಷವನ್ನೂ ಬರೆದಿಡುವವನು ಎಂಥವನಿರಬಹುದೆಂದು ನೀವು ಊಹಿಸಿರುತ್ತೀರಿ, ಊಹೆ ಸರಿಯಾಗಿದೆ. ಕ್ಷೌರ ಮಾಡಿಸಿಕೊಂಡ ದಿನಾಂಕಗಳನ್ನೂ ನಾನು ಗುರುತು ಹಾಕಿಡುತ್ತೇನೆ.

ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ನನ್ನ ಕಂಪ್ಯೂಟರಿಗೆ ಸಿಕ್ಕ ಜಾಗ ನಡುಮನೆಯ ಗೋಡೆಗೂಡು. ಹಿಂದೆ ಅಲ್ಲಿ ರೇಡಿಯೋ ಇತ್ತಂತೆ. ಗೂಡಿಗೆ ಹಿಡಿಸುವಂಥ ಸಣ್ಣ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಜೋಡಿಸಿದೆ. ಒಳಗಿನ ಪ್ರೊಸೆಸರ್ ಬಿಸಿಯಾದಂತೆ ಅದರ ಮೇಲಿನ ಫ್ಯಾನು ಜೋರಾಗಿ ತಿರುಗುತ್ತದೆ, ತಿರುಗಿದಷ್ಟೂ ಅರಚುತ್ತದೆ. ಆ ಅರಚಾಟ ಅಪ್ಪನ ಭಾನುವಾರದ ಪೇಪರಿಗೆ ಅಡ್ಡ ಬಂತು.

"ಯುಗಾದಿ ಒಳಗೆ ಇದರ ಬಾಯಿ ಮುಚ್ಸು. ಇಲ್ಲಾಂದ್ರೆ ತಾರಸಿ ಮೇಲಿನ ಶೀಟ್ ರೂಮಿಗೆ ಸಾಗ್ಸು" ಎಂದರು.

ಮಾರ್ಚ್ ತಿಂಗಳಲ್ಲಿ ಶೀಟ್ ಸೂರಿನ ಕಾವಿಗೇ ಆ ರೂಮಿನೊಳಗೆ ಹಪ್ಪಳ ಒಣಗುತ್ತದೆ. ನನ್ನ ಕಂಪ್ಯೂಟರ್ ಅಲ್ಲಿ ಒಂದು ವಾರ ಬಾಳುವುದೂ ಅನುಮಾನ.

ಆದ್ದರಿಂದ ಮೂರು ಬೆರಳಷ್ಟೇ ಎತ್ತರದ, ಸದ್ದಿಲ್ಲದ್ದೆಂದು ಹೇಳಿಕೊಳ್ಳುವ ಹೊಸ ಕೂಲರ್, ಅಂದರೆ ಪ್ರೊಸೆಸರನ್ನು ತಂಪಾಗಿಡುವ ಫ್ಯಾನು, ತಂದು ಅದರ ಮೇಲೆ ಕೂರಿಸಿದೆ. ಹೇಳಿಕೆಯನ್ನು ನಂಬುವ ಜಾತಿ ನನ್ನದಲ್ಲ. ಪರೀಕ್ಷೆ ಹೀಗೆ: ಪ್ರೊಸೆಸರಿಗೆ ಇಪ್ಪತ್ತು ನಿಮಿಷ ಭಾರಿ ಕೆಲಸ ಹಚ್ಚಿ, ಒಂದು ಮೊಳ ದೂರದಲ್ಲಿ ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿ ಸದ್ದು ಅಳೆಯುವುದು. ನನ್ನ ಉಸಿರು ಲೆಕ್ಕಕ್ಕೆ ಸೇರದಿರಲೆಂದು ನಾನು ಹೋಗಿ ಗೇಟಿನ ಬಳಿ ನಿಲ್ಲುವುದು. ಆ ಮೊದಲ ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಎಪ್ಪತ್ತೆರಡು ಡಿಗ್ರಿ, ಮೂವತ್ತಾರು ಡೆಸಿಬಲ್. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರು ಭಾನುವಾರ ಅದೇ ಹೊತ್ತು, ಅದೇ ಲೋಟ. ತೊಂಬತ್ತಮೂರು ಡಿಗ್ರಿ, ನಲವತ್ತಾರು ಡೆಸಿಬಲ್! ಡೆಸಿಬಲ್ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. ಹತ್ತು ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಕೇಳಿಸುತ್ತದೆ. ಕೂಲರ್ ಬಿಚ್ಚಿದೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ ಕಡಲೆಕಾಳಿನಷ್ಟು ಹೊಸದು ಹಚ್ಚಿದೆ. ತಿರುಗಿ ಅಳೆದೆ. ಬದಲಾಗಲಿಲ್ಲ. ಕಿಟಕಿ ತೆರೆದಾಗ, ಮುಚ್ಚಿದಾಗ, ಸೀಲಿಂಗ್ ಫ್ಯಾನ್ ಎರಡರಲ್ಲಿ, ನಾಲ್ಕರಲ್ಲಿ ಎಂದು ಒಂಬತ್ತು ಕಾಲಂಗಳ ಕೋಷ್ಟಕ ಬೆಳೆಯಿತು. ಶೀಟ್ ರೂಮಿನ ಹಪ್ಪಳಗಳು ಕನಸಿನಲ್ಲಿ ಬಂದವು.

ಇಪ್ಪತ್ತಮೂರನೇ ತಾರೀಖು, ಯುಗಾದಿಗೆ ಒಂದೇ ವಾರ. ನಾನು ಗೇಟಿನ ಬಳಿ ನಿಂತಿದ್ದಾಗ ಅಪ್ಪ ಗಾಂಧಿ ಬಜಾರಿನಿಂದ ತರಕಾರಿ ತಂದರು. ಒಳಗೆ ಹೋದವರು ಅಲ್ಲಿಂದಲೇ ಕೂಗಿದರು.

"ಏನೋ ಇದು? ಚಳಿ ಜ್ವರ ಬಂದಿದ್ಯೇನೋ ಇದಕ್ಕೆ? ಹೊದಿಸಿ ಮಲಗ್ಸಿದೀಯಲ್ಲೋ!"

ಪೆಟ್ಟಿಗೆಯ ಮೇಲೆ, ಗಾಳಿ ಆಡುವ ಕಿಂಡಿಗಳೆಲ್ಲ ಮುಚ್ಚುವಂತೆ, ಅಜ್ಜಿಯ ಕ್ರೋಶಾ ಬಟ್ಟೆ. ನವಿಲಿನ ಚಿತ್ರದ್ದು.

ನಮ್ಮ ಮನೆಯಲ್ಲಿ ಮಿಕ್ಸಿ, ಟಿವಿ, ಸತ್ತು ಹೋದ ಲ್ಯಾಂಡ್‌ಲೈನ್ ಫೋನು, ಎಲ್ಲಕ್ಕೂ ಅಜ್ಜಿ ಹೆಣೆದ ಬಟ್ಟೆಯಿದೆ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಬೀಳುವುದಿಲ್ಲ. ಪೇಸ್ಟ್ ಹಚ್ಚುವಾಗ ಆ ಬಟ್ಟೆಯನ್ನು ನಾನೇ ತೆಗೆದು, ನಾಲ್ಕು ಮಡಿಕೆ ಮಾಡಿ, ಪಕ್ಕಕ್ಕಿಟ್ಟಿದ್ದೆ. ಪೇಸ್ಟಿಗೊಂದು ಕಾಲಂ ಇತ್ತು, ಬಟ್ಟೆಗೆ ಇರಲಿಲ್ಲ.

"ನಾನೇ ಕಣೋ ಹಾಕಿದ್ದು, ನೀನು ಆಚೆ ಹೋದಾಗೆಲ್ಲ" ಎಂದರು ಅಜ್ಜಿ. "ಸದ್ದು ಒಳಗೇ ಇರುತ್ತೆ, ನೀನು ಪಾಸಾಗ್ತೀಯ ಅಂತ. ನಿಮ್ಮಪ್ಪ ಹಟಮಾರಿ, ಗೊತ್ತಲ್ಲ."

ಎಂಬತ್ತು ದಾಟಿದ ಜೀವ, ಮೊಮ್ಮಗನ ಪರವಾಗಿ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ನೋಡಿತ್ತು. ಏನೆಂದು ಬೈಯಲಿ?

ಬಟ್ಟೆ ತೆಗೆದು ಇಪ್ಪತ್ತು ನಿಮಿಷ ಬಿಟ್ಟು, ಅಪ್ಪನನ್ನು ಪೇಪರ್ ಸಮೇತ ಗೂಡಿನ ಪಕ್ಕ ಕೂರಿಸಿದೆ. ಅವರು ಎರಡು ಪುಟ ಮುಗಿಸಿ, "ಎಷ್ಟೊತ್ತೋ, ಆನ್ ಮಾಡು ಮತ್ತೆ" ಎಂದರು. ಅದು ಆಗಲೇ ಎಪ್ಪತ್ತೆರಡು ಡಿಗ್ರಿಯಲ್ಲಿ ದುಡಿಯುತ್ತಿತ್ತು. ಹಪ್ಪಳಗಳ ಜಾಗ ಹಪ್ಪಳಗಳಿಗೇ ಉಳಿಯಿತು.

ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಮನೆಗೆ ಬಂದವರೆದುರು ಅದೊಂದೇ ಬರಿಮೈಯಲ್ಲಿ ಕೂತಿರುವುದು ಅವರಿಗೆ ಮುಜುಗರ. ದೊಡ್ಡ ಕಣ್ಣಿನ ಹೊಸ ಬಟ್ಟೆ ಹೆಣೆಯುತ್ತಿದ್ದಾರೆ. ನಾನು ಹತ್ತನೆಯ ಕಾಲಂ ಎಳೆದು ಕಾಯುತ್ತಿದ್ದೇನೆ. ಕ್ರೋಶಾದ ಕಣ್ಣು ಎಷ್ಟು ಅಗಲವಿದ್ದರೆ ಗಾಳಿಯೂ ಆಡಿ ಮರ್ಯಾದೆಯೂ ಉಳಿದೀತು? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸೂಜಿಯ ನಂಬರನ್ನೂ ಸೇರಿಸಿ. ಅದನ್ನು ಕೇಳುತ್ತಿರುವವರು ಅಜ್ಜಿ.