ಲಾರಿ ಚಾಚಾ ಮತ್ತು ಕೋರಿ ಗಸಿ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ವರ್ಷಗಟ್ಟಲೆ ಲಾರಿಯ ಕಿಟಕಿಯ ಮೇಲೆ ಮೊಣಕೈ ಊರಿ ಬಿಸಿಲು ಕುಡಿದ ಕೈ ಅದು. ಆಲ್ಕೊಳದಲ್ಲಿ ನಮ್ಮ ಪಕ್ಕದ ಮನೆಯವರು. ಬೀದಿಗೆಲ್ಲ ಅವರು ಚಾಚಾ, ನನಗೂ.

ನಾನು ಮದುವೆಯಾಗಿ ಭದ್ರಾವತಿಯಿಂದ ಇಲ್ಲಿಗೆ ಬರುವ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅವರ ಒಂದು ಕಣ್ಣು ಹೋಗಿತ್ತು. ಲಾರಿ ಓಡಿಸುವುದನ್ನು ನಿಲ್ಲಿಸಿದ್ದರು. ಇಡೀ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. "ಮನೇಲಿದಾರೆ ಅಂತ ಹೆಸರಿಗಷ್ಟೇ ಕಣಮ್ಮ, ಮಾತೇ ಇಲ್ಲ" ಎಂದು ಅವರ ಹೆಂಡತಿ ಚಾಚಿ ಕಣ್ಣೊರೆಸಿಕೊಂಡಿದ್ದರು.

ನನ್ನ ಬಳಿ ಅಡಿಗೆ ಪುಸ್ತಕಗಳಿದ್ದವು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ಕಲಿಸುವವರಿರಲಿಲ್ಲ. ಉತ್ತರ ಕರ್ನಾಟಕದ್ದು, ಕೊಡಗಿನದು, ಕರಾವಳಿಯದು ಎಂದು ಕೊಂಡು ತಂದು ಕಾದಂಬರಿಯಂತೆ ಓದುತ್ತಿದ್ದೆ. ಒಲೆ ಹಚ್ಚಿ ಮಾಡಲು ಮಾತ್ರ ಧೈರ್ಯ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಾಗ ಚಾಚಾ ಕಾಂಪೌಂಡಿನಾಚೆಯಿಂದ ಕೇಳಿದರು: "ಏನ್ ಬೇಟಿ, ಕತೆ ಪುಸ್ತಕಾನಾ?"

"ಅಡಿಗೆ ಪುಸ್ತಕ ಚಾಚಾ. ಎಣ್ಣೆಗಾಯಿ ಮಾಡೋದು."

"ಜೋರಾಗಿ ಓದು."

ಓದಿದೆ. ಗುರೆಳ್ಳು ಪುಡಿ ಎಂದದ್ದೇ ತಡ, ಎದ್ದು ನಿಂತರು. "ಹುಬ್ಬಳ್ಳಿ! ಊರ ಹೊರಗೊಂದು ಖಾನಾವಳಿ ಇತ್ತು. ಅಲ್ಲಿ ಎಣ್ಣೆಗಾಯಿ ತಿಂದ್ಮೇಲೆ ಎರಡು ದಿನ ಬೇರೆ ಊಟ ರುಚಿಸ್ತಿರಲಿಲ್ಲ ಮಾರಾಯ್ತಿ!"

ಅಲ್ಲಿಂದ ನಮ್ಮ ಓದು ಶುರುವಾಯಿತು. ಪ್ರತಿ ಪುಟಕ್ಕೂ ಅವರ ಬಳಿ ಒಂದು ದಾರಿ ಇತ್ತು, ಒಂದು ಹೋಟೆಲ್ ಇತ್ತು. ನಾಡಿನ ಅಡಿಗೆಯನ್ನೆಲ್ಲ ತಿಂದಿದ್ದವರಿಗೆ ಮಾಡುವುದು ಗೊತ್ತಿರಲಿಲ್ಲ; ಮಾಡುವುದನ್ನೆಲ್ಲ ಓದಿದ್ದ ನಾನು ಹೆಚ್ಚಿನದನ್ನು ತಿಂದೇ ಇರಲಿಲ್ಲ. ಕೊನೆಗೆ ಅವರೇ, "ಓದಿದ್ದು ಸಾಕು, ಬಾಣಲೆ ಇಡು" ಎಂದರು. ಚಾಚಿಯೂ ನಮ್ಮ ಅಡಿಗೆಮನೆಗೆ ಬಂದು ಕೂತರು. ಮೊದಲ ಕಡುಬು ಕಲ್ಲಾಯಿತು. ಚಾಚಾ ಅದನ್ನು ಕೈಯಲ್ಲಿ ತೂಗಿ, "ಘಾಟಿಯಲ್ಲಿ ಟೈರಿಗೆ ಅಡ್ಡ ಕೊಡಬಹುದು" ಎಂದು ಬಿದ್ದು ಬಿದ್ದು ನಕ್ಕರು. ಆ ನಗು ಕೇಳಿ ಚಾಚಿ ಕಡುಬನ್ನೇ ಮರೆತು ಗಂಡನ ಮುಖ ನೋಡುತ್ತ ಕೂತುಬಿಟ್ಟರು.

'ಹದವಾಗಿ ಹುರಿಯಿರಿ' ಎಂದು ಪುಸ್ತಕ ಹೇಳಿದಾಗಲೆಲ್ಲ ನನಗೆ ಗಾಬರಿ. "ಹದ ಅನ್ನೋದು ಗೇರ್ ಇದ್ದಂಗೆ ಬೇಟಿ. ಇಂಜಿನ್ ಸದ್ದು ಕೇಳಿ ಬದಲಾಯಿಸ್ಬೇಕು" ಎನ್ನುತ್ತಿದ್ದರು.

ಕರಾವಳಿಯ ಪುಸ್ತಕದಲ್ಲಿ ಕೋರಿ ಗಸಿ ಬಂದಾಗ ನಾನು ಓದು ನಿಲ್ಲಿಸಿದೆ. ಅಮ್ಮ ಪುತ್ತೂರಿನವರು. ಆ ಕೋಳಿ ಸಾರು ಅವರೊಂದಿಗೇ ಹೋಗಿತ್ತು. ಭದ್ರಾವತಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅಪ್ಪ ಆಮೇಲೆ ಯಾವ ಊಟವನ್ನೂ ಇಷ್ಟಪಟ್ಟು ತಿಂದವರಲ್ಲ. ಅದನ್ನೆಲ್ಲ ಹೇಳಿದೆ. ಚಾಚಾ, "ಆ ದಾರೀಲಿ ನಾನು ಬೇಕಾದಷ್ಟು ಸಲ ಊಟ ಮಾಡಿದೀನಿ. ರುಚಿ ನಾಲಿಗೆ ಮೇಲೇ ಇದೆ. ನೀನು ಮಾಡ್ತಾ ಹೋಗು, ತಪ್ಪಿದ್ರೆ ನಾನು ಹೇಳ್ತೀನಿ" ಎಂದರು.

ಹಲವು ಭಾನುವಾರ ತಪ್ಪಿತು. "ಬರೀ ಖಾರ." "ಮೆಣಸಿನಕಾಯಿ ಹಸಿ ವಾಸನೆ." "ಹುಣಸೆಹಣ್ಣು ಕಮ್ಮಿ." ಒಂದು ದಿನ ಮೆಣಸಿನಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದೆ, ಕಡೆಗೆ ದಪ್ಪ ಕಾಯಿಹಾಲು ಹಾಕಿದೆ. ಚಾಚಾ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. "ಡಬ್ಬಿಗೆ ಹಾಕು. ಭದ್ರಾವತಿಗೆ ಹೋಗೋಣ, ಬಿಸಿ ಇರುವಾಗ್ಲೇ!"

ಅಪ್ಪ ಎಂದಿನಂತೆ, "ನಂಗೆ ಹಸಿವಿಲ್ಲ" ಎಂದರು. ಡಬ್ಬಿಯ ಜೊತೆ ತಂದಿದ್ದ ಒಣ ಅಕ್ಕಿರೊಟ್ಟಿ ಮುರಿದು ಮೇಲೆ ಗಸಿ ಸುರಿದೆ. ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು.

"ಯಾರು ಮಾಡಿದ್ದು?"

ನಾನು ಚಾಚಾರತ್ತ ಕೈ ತೋರಿದೆ, ಚಾಚಾ ನನ್ನತ್ತ.

ಅಪ್ಪ ತಟ್ಟೆ ಮುಂದಕ್ಕೆ ತಳ್ಳಿದರು. "ಇನ್ನೊಂದು ಸೌಟು ಹಾಕು ಪುಟ್ಟಿ. ನಿನ್ನಮ್ಮ ಜಿಪುಣತನ ಮಾಡ್ತಿರಲಿಲ್ಲ."

"ಪಾಸ್!" ಎಂದು ಚಾಚಾ ತೊಡೆ ತಟ್ಟಿ ಕೂಗಿದ ಸದ್ದಿಗೆ ಅಣ್ಣನ ಮನೆಯ ಕಿಟಕಿಗಳು ಅದುರಿದವೇನೋ!

ಅಪ್ಪನಿಗೆ ಹಸಿವನ್ನು, ನನಗೆ ಅಮ್ಮನ ಕೈರುಚಿಯನ್ನು ಮರಳಿ ಕೊಟ್ಟವರು ಅವರು. ಆ ಋಣ ತೀರಿಸುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ. ಈಗ ಶನಿವಾರ ಸಂಜೆಯಾದರೆ ಅಪ್ಪನ ಫೋನ್ ಬರುತ್ತದೆ: "ನಾಳೆ ಯಾವ ಊರಿನ ಅಡಿಗೆ?" ನಾನು ಬಾಯಿ ತೆರೆಯುವ ಮೊದಲೇ ಕಾಂಪೌಂಡಿನಾಚೆಯಿಂದ ಚಾಚಾ ಕೂಗುತ್ತಾರೆ: "ಬೀದರ್ ಅಂತ ಹೇಳು ಬೇಟಿ! ಬೆಳಗ್ಗಿನ ಬಸ್ಸಿಗೇ ಬರೋಕೆ ಹೇಳು!"